ನಡುನೋವು, ಎಂಆರ್‌ಐ ಮತ್ತು ಹತ್ತೊಂಬತ್ತು ದಿನಗಳ ಕೂಲಿ

ಅರಿಶಿನ ಕೀಳುವ ಸುಗ್ಗಿ ಮುಗಿಯುತ್ತಿದ್ದ ದಿನಗಳು. ತೆರಕಣಾಂಬಿ ಕಡೆಯ ಒಂದು ಹಳ್ಳಿಯಿಂದ ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಗುಂಡ್ಲುಪೇಟೆಯ ನನ್ನ ಚಿಕಿತ್ಸಾಲಯಕ್ಕೆ ಬಂದರು. ಒಂದು ಕೈ ಸೊಂಟದ ಮೇಲೆ. ಇನ್ನೊಂದು ಕೈಯಲ್ಲಿ ಸ್ಕ್ಯಾನಿಂಗ್ ಕೇಂದ್ರವೊಂದರ ಹೆಸರು ಅಚ್ಚಾದ ಅಗಲವಾದ ಕವರು. ಕುಳಿತುಕೊಳ್ಳುವ ಮೊದಲೇ ಕವರನ್ನು ನನ್ನ ಮೇಜಿನ ಮೇಲಿಟ್ಟು, "ಎಲ್ಲಾ ಇದ್ರೊಳಗೇ ಅದ ಡಾಕ್ಟ್ರೇ, ನೋಡಿ" ಎಂದರು. ನೋವು ಯಾವಾಗ ಆರಂಭವಾಯಿತು, ಯಾವ ಕೆಲಸ ಮಾಡುವಾಗ ಆರಂಭವಾಯಿತು, ರಾತ್ರಿ ಮಲಗಿದಾಗ ಹೆಚ್ಚುವುದೇ ಕಡಿಮೆಯಾಗುವುದೇ ಎಂದು ನಾನು ಕೇಳತೊಡಗಿದಾಗ ಅವರಿಗೆ ಆಶ್ಚರ್ಯವಾಯಿತು. ಕವರಿನಲ್ಲಿ ಎಲ್ಲವೂ ಇರುವಾಗ ಬಾಯಿಂದ ಹೇಳುವುದಕ್ಕೆ ಉಳಿದಿರುವುದೇನು ಎಂಬ ಭಾವ ಅವರ ಮುಖದಲ್ಲಿತ್ತು.

ವಿಚಾರಿಸಿದಾಗ ತಿಳಿದದ್ದು ಇಷ್ಟು. ನೋವು ಬಂದು ಹನ್ನೆರಡು ದಿನಗಳಾಗಿದ್ದವು. ಅರಿಶಿನದ ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡಿತ್ತು. ಕಾಲಿಗೆ ನೋವು ಇಳಿದಿರಲಿಲ್ಲ, ಜ್ವರವಿರಲಿಲ್ಲ, ಮೂತ್ರ ಮಲಗಳಿಗೆ ತೊಂದರೆಯಿರಲಿಲ್ಲ. ನಾಲ್ಕನೆಯ ದಿನ ಒಬ್ಬರು ವೈದ್ಯರು ನೋಡಿ ಎಂಆರ್‌ಐಗೆ ಬರೆದುಕೊಟ್ಟಿದ್ದರು. ಬೆನ್ನಿನ ಮೇಲೆ ಯಾರೂ ಕೈಯಿಟ್ಟು ನೋಡಿರಲಿಲ್ಲ. ಏಳು ಸಾವಿರ ರೂಪಾಯಿ ಹೊಂದಿಸಲು ಕಿವಿಯ ಓಲೆ ಅಡವಿಗೆ ಹೋಗಿತ್ತು. ವರದಿಯಲ್ಲಿದ್ದದ್ದು ಸೊಂಟದ ನಾಲ್ಕನೆಯ ಮತ್ತು ಐದನೆಯ ಎಲುಬುಗಳ ನಡುವಿನ ಡಿಸ್ಕ್ ಅಲ್ಪ ಪ್ರಮಾಣದಲ್ಲಿ ಉಬ್ಬಿದೆ ಎಂಬ ಒಂದು ವಾಕ್ಯ. ಆ ವಾಕ್ಯವನ್ನು ಅವರಿಗೆ ಯಾರೋ "ಬೆನ್ನುಮೂಳೆ ಜಾರಿದೆ" ಎಂದು ಅನುವಾದಿಸಿ ಹೇಳಿದ್ದರು. ಅಂದಿನಿಂದ ಆಕೆ ಕೊಡ ನೀರನ್ನೂ ಎತ್ತಿರಲಿಲ್ಲ.

ಉದ್ಯೋಗ ಖಾತರಿ ಯೋಜನೆಯಡಿ ಕರ್ನಾಟಕದಲ್ಲಿ 2025–26ನೇ ಸಾಲಿಗೆ ನಿಗದಿಯಾದ ದಿನಗೂಲಿ 370 ರೂಪಾಯಿ. ಆ ಲೆಕ್ಕದಲ್ಲಿ ಆ ಒಂದು ವಾಕ್ಯದ ಬೆಲೆ ಹತ್ತೊಂಬತ್ತು ದಿನಗಳ ದುಡಿಮೆ. ಭಾರ ಎತ್ತದಂತೆ, ಆದರೆ ಹಾಸಿಗೆ ಹಿಡಿಯದಂತೆ ಹೇಳಿ, ಎಣ್ಣೆ ಸವರಿ ಬಿಸಿ ಶಾಖ ಕೊಡಿಸಿ, ಕೆಲವು ದಿನ ಕಟಿಬಸ್ತಿ ಮಾಡಿದೆ. ಮೂರು ವಾರಗಳಲ್ಲಿ ಆಕೆ ಕೂಲಿಗೆ ಹಿಂದಿರುಗಿದರು. ಅದನ್ನು ನನ್ನ ಎಣ್ಣೆಯ ಹಿರಿಮೆಯೆಂದು ಹೇಳಿಕೊಳ್ಳಲಾರೆ. ಇಂತಹ ನೋವುಗಳಲ್ಲಿ ಹೆಚ್ಚಿನವು ಆರು ವಾರಗಳೊಳಗೆ ತಾವಾಗಿಯೇ ಇಳಿಯುತ್ತವೆ. ನಾನು ಹೇಳಬೇಕಾದದ್ದು ಬೇರೆ. ಆಕೆ ಆ ಕವರಿಲ್ಲದೆ ಬಂದಿದ್ದರೂ ನಾನು ಮಾಡುತ್ತಿದ್ದ ಚಿಕಿತ್ಸೆ ಇದೇ ಆಗಿರುತ್ತಿತ್ತು.

ಚಿತ್ರ ತೆಗೆದು ರೋಗ ನೋಡುವ ಯಂತ್ರಗಳನ್ನು ನಾನು ದೂರುತ್ತಿದ್ದೇನೆಂದು ಓದುಗರು ಭಾವಿಸಬಾರದು. 1895ರ ನವೆಂಬರ್ 8ರಂದು ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜನ್ ಕ್ಷಕಿರಣವನ್ನು ಕಂಡುಕೊಂಡರು. 1901ರಲ್ಲಿ ಭೌತವಿಜ್ಞಾನದ ಮೊತ್ತಮೊದಲ ನೊಬೆಲ್ ಪ್ರಶಸ್ತಿ ಅವರಿಗೇ ಸಂದಿತು. ಆ ಶೋಧಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಲೋಕಕ್ಕೆ ಉಪಯೋಗವಾಗಲೆಂದು ಬಿಟ್ಟುಕೊಟ್ಟರು. 1971ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳನ್ನು ಸಿಟಿ ಚಿತ್ರವಾಗಿ ತೋರಿಸಿತು. ನಮ್ಮ ಶಾಸ್ತ್ರಕ್ಕೂ ದೇಹದ ಒಳಗನ್ನು ನೋಡುವ ಹಂಬಲ ಹೊಸದಲ್ಲ. ಸುಶ್ರುತನು ವರ್ಣಿಸುವ ಇಪ್ಪತ್ತು ಬಗೆಯ ನಾಡೀಯಂತ್ರಗಳು ಕೊಳವೆಯಾಕಾರದ ಉಪಕರಣಗಳು; ದೇಹದ ದ್ವಾರಗಳ ಒಳಗಿನ ವ್ಯಾಧಿಯನ್ನು ನೋಡುವುದೂ ಅವುಗಳ ಪ್ರಯೋಜನಗಳಲ್ಲೊಂದು. ಅಂದಿನ ವೈದ್ಯನ ಕೈಗೆ ಎಕ್ಸ್‌ರೇ ಯಂತ್ರ ದೊರೆತಿದ್ದರೆ ಅವನು ಅದನ್ನು ತಿರಸ್ಕರಿಸುತ್ತಿದ್ದನೆಂದು ನನಗೆ ಅನ್ನಿಸುವುದಿಲ್ಲ. ನನ್ನ ತಕರಾರು ಯಂತ್ರದ ಮೇಲಲ್ಲ, ಕ್ರಮದ ಮೇಲೆ. ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಪರೀಕ್ಷೆಗಳನ್ನು ನಾವು ಮೊದಲ ವರ್ಷದಲ್ಲಿಯೇ ಬಾಯಿಪಾಠ ಮಾಡಿದವರು. ಇವು ಮೂರೂ ಮುಗಿದ ಮೇಲೆ ಉಳಿಯುವ ಸಂದೇಹಕ್ಕೆ ಚಿತ್ರ ಉತ್ತರ ಕೊಡಬೇಕು. ಈಗ ಚಿತ್ರವೇ ಮೊದಲಾಗಿದೆ, ಪ್ರಶ್ನೆ ಕೊನೆಯದಾಗಿದೆ. ಕೆಲವೆಡೆ ಪ್ರಶ್ನೆಯೇ ಇಲ್ಲ.

ಡಿಸ್ಕ್ ಉಬ್ಬುವುದೆಂದರೇನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಬಳಿಗೆ ಬರುವ ಕವರುಗಳಲ್ಲಿ ಬಹುಪಾಲು ಇದೇ ಪದವನ್ನು ಹೊತ್ತು ಬರುತ್ತವೆ. 1994ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸೊಂಟನೋವು ಇಲ್ಲವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದರು. ಅವರಲ್ಲಿ 52 ಪ್ರತಿಶತ ಮಂದಿಯ ಡಿಸ್ಕ್ ಒಂದು ಕಡೆಯಾದರೂ ಉಬ್ಬಿತ್ತು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು 36 ಪ್ರತಿಶತ ಮಾತ್ರ. 2015ರಲ್ಲಿ ಇಂತಹ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ, ನೋವಿಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಬೆನ್ನಿನ ಚಿತ್ರಗಳನ್ನು ಪರಿಶೀಲಿಸಿದಾಗ, ಇಪ್ಪತ್ತರ ಹರೆಯದಲ್ಲೇ 30 ಪ್ರತಿಶತ ಜನರಿಗೆ ಡಿಸ್ಕ್ ಉಬ್ಬಿರುವುದೂ ಎಂಬತ್ತರ ವಯಸ್ಸಿಗೆ ಅದು 84 ಪ್ರತಿಶತಕ್ಕೆ ಏರುವುದೂ ಕಂಡುಬಂತು. ಅಂದರೆ ಗುಂಡ್ಲುಪೇಟೆಯ ಸಂತೆಯಲ್ಲಿ ಆರಾಮವಾಗಿ ಓಡಾಡುತ್ತಿರುವ ಐವತ್ತು ದಾಟಿದ ಜನರನ್ನು ಹಿಡಿದು ಯಂತ್ರದೊಳಗೆ ಮಲಗಿಸಿದರೆ, ಅರ್ಧಕ್ಕಿಂತ ಹೆಚ್ಚು ಮಂದಿ ಕೈಯಲ್ಲಿ ರೋಗದ ಹೆಸರು ಹಿಡಿದುಕೊಂಡು ಹೊರಬರುತ್ತಾರೆ. ನೋವು ಬಂದವರಲ್ಲಿ ಕಾಣುವ ಉಬ್ಬು ನೋವಿಗೆ ಕಾರಣವಾಗಿರಬಹುದು, ಆಗಿಲ್ಲದಿರಲೂಬಹುದು. ಅದನ್ನು ನಿರ್ಧರಿಸುವುದು ಚಿತ್ರವಲ್ಲ. ಕಾಲನ್ನು ಎತ್ತಿ ನೋಡುವ, ಹೆಬ್ಬೆರಳಿನ ಬಲ ಪರೀಕ್ಷಿಸುವ, ಸ್ಪರ್ಶಜ್ಞಾನ ಎಲ್ಲಿ ಕುಗ್ಗಿದೆಯೆಂದು ಮುಟ್ಟಿ ನೋಡುವ ವೈದ್ಯ. ಗೃಧ್ರಸಿಯಲ್ಲಿ, ಅಂದರೆ ನೋವು ಪಿರ್ರೆಯಿಂದ ಪಾದದವರೆಗೆ ಇಳಿದಾಗಲೂ, ಕಾಲಿನ ಬಲ ಕುಂದದಿದ್ದರೆ ಕೆಲವು ವಾರ ಕಾಯಬಹುದು.

ಇದು ಆಯುರ್ವೇದದವರ ಹಠವೆಂದು ಯಾರಾದರೂ ಅಂದುಕೊಂಡರೆ, ಅಲೋಪತಿ ವೈದ್ಯರ ಸಂಸ್ಥೆಗಳೇ ಇದನ್ನು ವರ್ಷಗಳಿಂದ ಹೇಳುತ್ತ ಬಂದಿವೆ. ಅಪಾಯದ ಚಿಹ್ನೆಗಳಿಲ್ಲದ ಸೊಂಟನೋವಿಗೆ ಮೊದಲ ಆರು ವಾರ ಚಿತ್ರ ಬೇಡವೆಂದು ಅಮೆರಿಕದಲ್ಲಿ 2012ರಲ್ಲಿ ಆರಂಭವಾದ ಅಭಿಯಾನವೊಂದು ವೈದ್ಯರಿಗೂ ರೋಗಿಗಳಿಗೂ ತಿಳಿಹೇಳಿತು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಸೊಂಟನೋವಿನ ಕುರಿತು ಪ್ರಕಟಿಸಿದ ಲೇಖನಮಾಲೆ, ಶ್ರೀಮಂತ ದೇಶಗಳ ಈ ಅತಿಬಳಕೆ ಬಡ ದೇಶಗಳಿಗೂ ಹರಡುತ್ತಿದೆ ಎಂದು ಎಚ್ಚರಿಸಿತು. ಅದು ತೆರಕಣಾಂಬಿಯವರೆಗೂ ಬಂದು ತಲುಪಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಇದೇ ಮಾತನ್ನು ಹಿಡಿದು ನಾನು ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನು ಬರೆಯದೆ ಈ ಲೇಖನವನ್ನು ಮುಂದುವರಿಸುವುದು ಪ್ರಾಮಾಣಿಕತೆಯಲ್ಲ.

ಸುಮಾರು ಹದಿನೆಂಟು ವರ್ಷಗಳ ಹಿಂದಿನ ಮಾತು. ಚಾಮರಾಜನಗರದಲ್ಲಿ ವಾರಕ್ಕೆರಡು ದಿನ ನಾನು ರೋಗಿಗಳನ್ನು ನೋಡುತ್ತಿದ್ದೆ. ಐವತ್ತೈದು ದಾಟಿದ ರೈತರೊಬ್ಬರು ಬೆನ್ನುನೋವೆಂದು ಬಂದರು. ಬಾಳೆಗೊನೆ ಹೊರುವವರು, ಶ್ರಮದ ನೋವೆಂದು ನಾನು ಭಾವಿಸಿದೆ. ಎಣ್ಣೆ, ಬಸ್ತಿ, ಗುಗ್ಗುಲು ಎಲ್ಲವೂ ನಡೆದವು. ಸ್ವಲ್ಪ ಕಡಿಮೆ ಎನ್ನುತ್ತಿದ್ದರು, ಮತ್ತೆ ಬರುತ್ತಿದ್ದರು. ಎರಡು ತಿಂಗಳು ಕಳೆದವು. ಒಂದು ದಿನ ಅವರ ಮಗ, "ಅಪ್ಪ ರಾತ್ರಿಯೆಲ್ಲ ನರಳ್ತಾರ, ಊಟ ಸೇರ್ತಾ ಇಲ್ಲ, ಅಂಗಿ ಎಲ್ಲಾ ಸಡ್ಲ ಆಗ್ಬುಟ್ಟದ" ಎಂದರು. ಆ ಮಾತನ್ನು ನಾನು ಮೊದಲ ವಾರದಲ್ಲಿಯೇ ಕೇಳಿ ತಿಳಿಯಬೇಕಿತ್ತು. ಅಂದು ಅಂಗಿ ಬಿಚ್ಚಿಸಿ ಬೆನ್ನೆಲುಬಿನ ಮೇಲೆ ಬೆರಳಿನಿಂದ ತಟ್ಟಿದಾಗ ಒಂದು ಗಂಟಿನ ಬಳಿ ಅವರು ಬೆಚ್ಚಿಬಿದ್ದರು. ಎಕ್ಸ್‌ರೇಯಲ್ಲಿ ಎರಡು ಎಲುಬುಗಳು ತಿಂದುಹೋಗಿ ನಡುವಿನ ಜಾಗವೇ ಇಲ್ಲವಾಗಿತ್ತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಎಂಆರ್‌ಐ ಮಾಡಿ ಬೆನ್ನೆಲುಬಿನ ಕ್ಷಯವೆಂದು ಖಚಿತಪಡಿಸಿದರು. ಒಂದು ವರ್ಷಕ್ಕೂ ಮೀರಿ ಮಾತ್ರೆ ನುಂಗಿದರು. ರೋಗ ವಾಸಿಯಾಯಿತು; ಬಾಗಿದ ಬೆನ್ನು ನೆಟ್ಟಗಾಗಲಿಲ್ಲ. ಅವರು ಇಂದಿಗೂ ನನ್ನನ್ನು ಕಂಡರೆ ಕೈಮುಗಿಯುತ್ತಾರೆ. ಆಗ ನನಗೆ ಆಗುವ ಸಂಕೋಚ ನನಗೇ ಗೊತ್ತು.

ಅಂದು ಎರಡು ತಿಂಗಳ ಮೊದಲೇ ಎಕ್ಸ್‌ರೇ ಮಾಡಿಸಿದ್ದರೆ ರೋಗ ಕಾಣುತ್ತಿತ್ತೇ? ಕಾಣದಿರುವ ಸಾಧ್ಯತೆಯೂ ಇತ್ತು. ಎಲುಬು ಸಾಕಷ್ಟು ಸವೆದ ಮೇಲಷ್ಟೇ ಸಾಧಾರಣ ಎಕ್ಸ್‌ರೇಯಲ್ಲಿ ಅದು ತಿಳಿಯುತ್ತದೆ. ಅಂತಹವರಿಗೆ ಎಂಆರ್‌ಐಯೇ ಬೇಕು, ಅದರ ಏಳು ಸಾವಿರ ಅಲ್ಲಿ ಹೆಚ್ಚಲ್ಲ. ಹಾಗಾದರೆ ಯಾರಿಗೆ ಬೇಕು? ಜ್ವರ ಅಥವಾ ತೂಕ ಇಳಿಕೆಯೊಂದಿಗೆ ಬರುವ ಬೆನ್ನುನೋವು. ಮಲಗಿದರೂ ಬಿಡದ, ರಾತ್ರಿ ಎಬ್ಬಿಸುವ ನೋವು. ಹಿಂದೆ ಕ್ಯಾನ್ಸರ್ ಆಗಿದ್ದವರ ನೋವು. ಬಿದ್ದ ನಂತರ ಬಂದ ನೋವು, ಅದರಲ್ಲೂ ವಯಸ್ಸಾದವರಲ್ಲಿ ಅಥವಾ ಬಹುಕಾಲ ಸ್ಟೆರಾಯ್ಡ್ ತೆಗೆದುಕೊಂಡವರಲ್ಲಿ. ಕಾಲು ಸೋಲುತ್ತಿದ್ದರೆ, ತೊಡೆಯ ಸಂದಿ ಮರಗಟ್ಟಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ಅದು ಅದೇ ದಿನ ಆಸ್ಪತ್ರೆ ಸೇರಬೇಕಾದ ತುರ್ತು. ಇವುಗಳನ್ನು ಕೇಳಿ ತಿಳಿಯಲು ಹತ್ತು ನಿಮಿಷ ಸಾಕು. ನಾನು ಅಂದು ಆ ಹತ್ತು ನಿಮಿಷ ಕೊಡಲಿಲ್ಲ, ಅಷ್ಟೆ.

ಇಲ್ಲಿ ನನ್ನ ವೃತ್ತಿಬಾಂಧವರಿಗೂ ಒಂದು ಮಾತು. "ನಾಡಿ ಹಿಡಿದರೆ ಸಾಕು, ಸ್ಕ್ಯಾನಿಂಗ್ ಬೇಡ" ಎಂದು ಫಲಕ ಹಾಕುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ನಾಡೀಪರೀಕ್ಷೆಯನ್ನು ನಾನು ಗೌರವಿಸುತ್ತೇನೆ, ಪ್ರತಿದಿನ ಮಾಡುತ್ತೇನೆ. ಅಷ್ಟಸ್ಥಾನ ಪರೀಕ್ಷೆಯಲ್ಲಿ ನಾಡಿ ಒಂದು. ಉಳಿದ ಏಳೂ ಬೇಡವೆಂದು ಯಾವ ಆಚಾರ್ಯರೂ ಹೇಳಿಲ್ಲ. ಪಿತ್ತಕೋಶದಲ್ಲಿ ಎಷ್ಟು ಕಲ್ಲುಗಳಿವೆಯೆಂದು ನಾಡಿಯಿಂದ ಹೇಳಬಲ್ಲೆನೆನ್ನುವವರನ್ನು ನಂಬಿ ರೋಗಿ ಕಾಮಾಲೆ ಕಟ್ಟಿಕೊಂಡು ಬಂದರೆ ಅದರ ಹೊಣೆ ಯಾರದು? ಅತಿಯಾಗಿ ಚಿತ್ರ ತೆಗೆಸುವುದು ಒಂದು ಬಗೆಯ ಅವಿವೇಕವಾದರೆ, ಚಿತ್ರವೇ ಬೇಡವೆನ್ನುವುದು ಅದರ ಇನ್ನೊಂದು ಮುಖ. ಎರಡಕ್ಕೂ ತೆರುವವರು ರೋಗಿಗಳೇ.

ಚಿತ್ರದ ಬೆಲೆಗೂ ಅದರ ಪ್ರಯೋಜನಕ್ಕೂ ನೇರವಾದ ಸಂಬಂಧವಿಲ್ಲ ಎಂಬುದಕ್ಕೆ ಕ್ಷಯರೋಗವೇ ಸಾಕ್ಷಿ. 2019ರಿಂದ 2021ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ರಾಷ್ಟ್ರೀಯ ಕ್ಷಯರೋಗ ಸಮೀಕ್ಷೆಯಲ್ಲಿ, ಎದೆಯ ಎಕ್ಸ್‌ರೇ ತೆಗೆಯದೆ ಕೇವಲ ಕೆಮ್ಮು ಜ್ವರಗಳನ್ನು ಕೇಳಿ ಬಿಟ್ಟಿದ್ದರೆ 42.6 ಪ್ರತಿಶತ ರೋಗಿಗಳು ಪತ್ತೆಯಾಗುತ್ತಲೇ ಇರಲಿಲ್ಲ. ಕೆಲವೇ ನೂರು ರೂಪಾಯಿಯ, ಎಲ್ಲಕ್ಕಿಂತ ಹಳೆಯ ಚಿತ್ರ ಇದು. 2024ರ ಡಿಸೆಂಬರ್‌ನಲ್ಲಿ ಆರಂಭವಾದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ ಕೈಯಲ್ಲಿ ಹೊತ್ತೊಯ್ಯಬಹುದಾದ ಎಕ್ಸ್‌ರೇ ಯಂತ್ರಗಳನ್ನು ದೇಶದ ಆಯ್ದ ಜಿಲ್ಲೆಗಳ ಹಳ್ಳಿಗಳಿಗೆ ಕೊಂಡೊಯ್ದರು. ಬಂಡೀಪುರದ ಅಂಚಿನ ಹಾಡಿಗಳಿಗೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೂ ಬೇಕಾದದ್ದು ಅಂತಹ ಯಂತ್ರ. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆ ಬೆಟ್ಟದ ಮೇಲೆಯೇ ಸ್ಥಾಪಿಸಿದ್ದರ ಅರ್ಥವೂ ಇದೇ: ವೈದ್ಯನೇ ರೋಗಿಯ ಬಳಿಗೆ ನಡೆದು ಹೋಗಬೇಕು. ಎರಡು ವಾರ ಮೀರಿದ ಕೆಮ್ಮಿದ್ದರೆ, ದಯವಿಟ್ಟು ಕಷಾಯ ಕುಡಿಯುತ್ತ ಕೂರಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮತ್ತು ಎಕ್ಸ್‌ರೇ ಮಾಡಿಸಿಕೊಳ್ಳಿ. ಔಷಧಿ ಉಚಿತ, ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಸಾವಿರ ರೂಪಾಯಿಯೂ ಖಾತೆಗೆ ಬರುತ್ತದೆ.

ಸಿಟಿ ಸ್ಕ್ಯಾನ್ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಸ್ಪಷ್ಟ. ಗುಂಡ್ಲುಪೇಟೆಯ ಬಳಿ ಹೆದ್ದಾರಿ ಕೇರಳದತ್ತಲೂ ಊಟಿಯತ್ತಲೂ ಕವಲೊಡೆಯುತ್ತದೆ. ಅಪಘಾತ ನಮಗೆ ದೂರದ ಸುದ್ದಿಯಲ್ಲ. ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದವರನ್ನು, ಪದೇ ಪದೇ ವಾಂತಿ ಮಾಡುವವರನ್ನು, ಮಾತು ತೊದಲುವವರನ್ನು ನನ್ನ ಬಳಿಗೆ ಕರೆತರಬೇಡಿ. ಯಾವ ಆಯುರ್ವೇದ ವೈದ್ಯರ ಬಳಿಗೂ ಕರೆದೊಯ್ಯಬೇಡಿ. ಲಕ್ವವೂ ಹಾಗೆಯೇ. ಮುಖ ಒಂದು ಕಡೆ ವಾಲಿ ಕೈ ಸೋತವರಿಗೆ, ರಕ್ತನಾಳ ಕಟ್ಟಿದೆಯೇ ಒಡೆದಿದೆಯೇ ಎಂಬುದನ್ನು ಸಿಟಿ ಮಾತ್ರ ಬೇಗ ಹೇಳಬಲ್ಲದು. ಕಟ್ಟಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಒಡೆದಿದ್ದವರಿಗೆ ಅದೇ ಮದ್ದು ಪ್ರಾಣಾಂತಿಕ. ನಮ್ಮ ಹಳ್ಳಿಗಳಲ್ಲಿ ಆ ನಾಲ್ಕೂವರೆ ಗಂಟೆ ನಾಟಿ ಔಷಧಿಯವರ ಜಗಲಿಯ ಮೇಲೆ ಕಳೆದುಹೋಗುತ್ತದೆ. ಪಂಚಕರ್ಮಕ್ಕೆ ನನ್ನ ಬಳಿ ಬರುವ ಲಕ್ವ ರೋಗಿಗಳಲ್ಲಿ ಹಲವರು ಮೊದಲ ದಿನ ಎಲ್ಲಿಗೆ ಹೋಗಿದ್ದರೆಂದು ಕೇಳುವುದನ್ನೇ ನಾನು ಈಚೆಗೆ ಬಿಟ್ಟಿದ್ದೇನೆ, ಮನಸ್ಸು ನೋಯುತ್ತದೆ.

ಅದೇ ಸಿಟಿಯನ್ನು ಸುಮ್ಮನೆ ಮಾಡಿಸಿದರೆ ಹಣವೊಂದೇ ವ್ಯರ್ಥವಾಗುವುದಿಲ್ಲ. ಎದೆಯ ಒಂದು ಎಕ್ಸ್‌ರೇಯಿಂದ ದೇಹಕ್ಕೆ ತಗಲುವ ವಿಕಿರಣ ಹೆಚ್ಚೆಂದರೆ 0.1 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ಸಹಜವಾಗಿ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ಹೊಟ್ಟೆಯ ಒಂದು ಸಿಟಿಯಲ್ಲಿ ಅದು 8ರಿಂದ 10. ಒಮ್ಮೆ ಅಗತ್ಯಕ್ಕೆ ಮಾಡಿಸಿದರೆ ಹೆದರಬೇಕಾದ್ದಿಲ್ಲ. ಆದರೆ ಮಕ್ಕಳಿಗೆ, ಬಸಿರಿಯರಿಗೆ ಬರೆಯುವ ಮುನ್ನ ಎರಡು ಸಲ ಯೋಚಿಸಬೇಕು. ಎಂಆರ್‌ಐ ಮತ್ತು ಅಲ್ಟ್ರಾಸೌಂಡ್‌ಗಳಲ್ಲಿ ಇಂತಹ ವಿಕಿರಣವಿಲ್ಲ. ಹಳ್ಳಿಗರು ಇವೆಲ್ಲವನ್ನೂ ಒಟ್ಟಾಗಿ "ಕರೆಂಟು ಕೊಡೋದು" ಎನ್ನುತ್ತಾರೆ, ಹಾಗಾಗಿ ಹೇಳಿದೆ.

ಅಲ್ಟ್ರಾಸೌಂಡ್ ಬಸಿರಿಯರ ಪಾಲಿನ ವರ. ಮಗುವಿನ ಬೆಳವಣಿಗೆ, ಮಾಸದ ಸ್ಥಾನ, ಅವಳಿಗಳಿರುವುದು ಇವೆಲ್ಲವನ್ನೂ ಅಲ್ಪ ವೆಚ್ಚದಲ್ಲಿ ತಿಳಿಸಿ ಎಷ್ಟೋ ತಾಯಂದಿರನ್ನು ಉಳಿಸಿದೆ. ಅದೇ ಯಂತ್ರವನ್ನು 2023ರಲ್ಲಿ ನೆರೆಯ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. 1994ರ ಕಾಯಿದೆ ಇದ್ದೂ ಹೀಗಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ ನಡೆದ ಆ ಕೃತ್ಯದ ಬಗ್ಗೆ ಹೆಚ್ಚು ಬರೆಯಲು ಮನಸ್ಸಾಗುವುದಿಲ್ಲ.

ಇನ್ನು ಲಕ್ಷಣವೇ ಇಲ್ಲದವರು "ಒಂದ್ ಸಲ ಮಿಷನ್ನಲ್ಲಿ ನೋಡುಸ್ಬುಡೋಣ, ಮನಸ್ಸಿಗೆ ನೆಮ್ದಿ ಆಯ್ತದ" ಎಂದು ಮಾಡಿಸುವ ಸ್ಕ್ಯಾನಿಂಗ್. ನೆಮ್ಮದಿ ಬರುವುದಕ್ಕಿಂತ ಹೋಗುವುದೇ ಹೆಚ್ಚು. ಯಕೃತ್ತಿನಲ್ಲಿ ಕೊಬ್ಬು, ಮೂತ್ರಪಿಂಡದಲ್ಲಿ ಚಿಕ್ಕ ನೀರಗುಳ್ಳೆ, ಥೈರಾಯ್ಡ್‌ನಲ್ಲಿ ಸಣ್ಣ ಗಂಟು: ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ. ದಕ್ಷಿಣ ಕೊರಿಯಾ ದೇಶದಲ್ಲಿ ಕ್ಯಾನ್ಸರ್ ತಪಾಸಣೆಗೆ ಬಂದವರಿಗೆ ಅಲ್ಪ ಹಣಕ್ಕೆ ಥೈರಾಯ್ಡ್ ಅಲ್ಟ್ರಾಸೌಂಡನ್ನೂ ಮಾಡತೊಡಗಿದರು. 1993ಕ್ಕೆ ಹೋಲಿಸಿದರೆ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ ಹದಿನೈದು ಪಟ್ಟಾಯಿತು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಎಂದೂ ತೊಂದರೆ ಕೊಡದೆ ಇರುತ್ತಿದ್ದ ಗಂಟುಗಳನ್ನು ಹುಡುಕಿ ತೆಗೆದು, ಸಾವಿರಾರು ಜನರನ್ನು ಜೀವನಪರ್ಯಂತ ಮಾತ್ರೆಗೆ ಕಟ್ಟಿಹಾಕಿದಂತಾಯಿತು.

ಹಣದ ವಿಷಯವನ್ನು ಸಂಕೋಚವಿಲ್ಲದೆ ಬರೆಯುತ್ತೇನೆ. ಅನಗತ್ಯ ಚಿತ್ರಗಳೆಲ್ಲವೂ ಅಜ್ಞಾನದಿಂದ ಬರೆದವುಗಳಲ್ಲ. 2017ರ ನವೆಂಬರ್ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆಯವರು ಬೆಂಗಳೂರಿನ ಕೆಲವು ರೋಗಪತ್ತೆ ಕೇಂದ್ರಗಳಲ್ಲಿ ಶೋಧ ನಡೆಸಿದರು. ರೋಗಿಯನ್ನು ಕಳಿಸಿದ ವೈದ್ಯರಿಗೆ ಎಂಆರ್‌ಐಗೆ 35 ಪ್ರತಿಶತ, ಸಿಟಿ ಮತ್ತು ರಕ್ತಪರೀಕ್ಷೆಗಳಿಗೆ 20 ಪ್ರತಿಶತ ಕಮಿಷನ್ ಸಲ್ಲುತ್ತಿದ್ದುದನ್ನು ಇಲಾಖೆಯೇ ಪ್ರಕಟಣೆಯಲ್ಲಿ ತಿಳಿಸಿತು. ವೈದ್ಯರು ಇಂತಹ ಹಣ ಪಡೆಯುವುದನ್ನು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನೀತಿ ನಿಯಮಗಳು ಸ್ಪಷ್ಟವಾಗಿ ನಿಷೇಧಿಸಿವೆ. ಏಳು ಸಾವಿರದ ಚಿತ್ರದಲ್ಲಿ 35 ಪ್ರತಿಶತವೆಂದರೆ 2,450 ರೂಪಾಯಿ. ಎಲ್ಲ ವೈದ್ಯರೂ ಹೀಗೆಂದು ನಾನು ಹೇಳುತ್ತಿಲ್ಲ. ಕಮಿಷನ್ನಿನ ಲಕೋಟೆಯನ್ನು ಹಿಂದಿರುಗಿಸಿ, ಆ ಮೊತ್ತವನ್ನು ರೋಗಿಯ ಬಿಲ್ಲಿನಲ್ಲೇ ಕಡಿತ ಮಾಡಿಸುವ ಸ್ನೇಹಿತರು ನನಗಿದ್ದಾರೆ. ಆದರೆ ಆಯುರ್ವೇದದವರು ಇದರಿಂದ ಹೊರಗಿದ್ದಾರೆಂದು ಮಠದ ಪತ್ರಿಕೆಯಲ್ಲಿ ಬರೆದರೆ ಅದು ಸುಳ್ಳಾಗುತ್ತದೆ. ನನ್ನ ಮೇಜಿನ ಮೇಲೂ ಒಂದು ದೀಪಾವಳಿಗೆ ಸಿಹಿಯ ಡಬ್ಬಿಯ ಕೆಳಗೆ ಲಕೋಟೆಯೊಂದು ಬಂದಿತ್ತು. ಆ ಹಿಂದಿನ ಮೂರು ತಿಂಗಳಲ್ಲಿ ನಾನು ಯಾರ್ಯಾರನ್ನು ಅಲ್ಲಿಗೆ ಕಳಿಸಿದ್ದೆನೆಂದು ದಿನಚರಿ ತೆಗೆದು ನೋಡಿದೆ. ಒಂಬತ್ತು ಜನರಲ್ಲಿ ಇಬ್ಬರಿಗೆ ಚಿತ್ರದ ಅಗತ್ಯವಿರಲಿಲ್ಲ. ಲಕೋಟೆಯ ಆಸೆಯಿಂದ ಕಳಿಸಿದ್ದಲ್ಲ. ರೋಗಿ ಒತ್ತಾಯಿಸಿದಾಗ ಬೇಡವೆಂದು ವಿವರಿಸುವ ತಾಳ್ಮೆ ನನಗೆ ಆ ದಿನ ಇರಲಿಲ್ಲ. ಲಕೋಟೆಯನ್ನು ಹಿಂದಕ್ಕೆ ಕಳಿಸಿದೆ. ಆ ಇಬ್ಬರ ಹಣವನ್ನು ಹಿಂದಿರುಗಿಸಲು ನನ್ನಿಂದಾಗಲಿಲ್ಲ.

ರೋಗಿಗಳ ಪಾಲೂ ಇದರಲ್ಲಿದೆ. ಬರೆದುಕೊಡದ ವೈದ್ಯನಿಗೆ "ಏನೂ ಗೊತ್ತಿಲ್ಲ" ಎಂಬ ಹೆಸರು ಬರುತ್ತದೆ. ಮೊಮ್ಮಗ ಬೆಂಗಳೂರಿನಿಂದ ಫೋನ್ ಮಾಡಿ "ಅಜ್ಜಿಗೆ ಸ್ಕ್ಯಾನ್ ಮಾಡಿಸಿದ್ರಾ?" ಎಂದು ಕೇಳುತ್ತಾನೆ. ಅರವತ್ತೈದರ ಅಜ್ಜಿಯ ಮಂಡಿನೋವಿಗೆ ಎಂಆರ್‌ಐ ಮಾಡಿಸದಿದ್ದರೆ ಪ್ರೀತಿ ಕಡಿಮೆಯೆಂದು ಆ ಮನೆಯಲ್ಲಿ ತಿಳಿಯುತ್ತಾರೆ. ಆ ಅಜ್ಜಿಗೆ ಬೇಕಾದದ್ದು ತೂಕ ಇಳಿಸುವ ಊಟ, ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಮತ್ತು ಹಿತ್ತಲಿನಲ್ಲಿ ಕುಳಿತೇಳಲು ಅನುಕೂಲವಾದ ಎತ್ತರದ ಕಮೋಡು.

ವೈದ್ಯರು ಚಿತ್ರಕ್ಕೆ ಬರೆದಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ: "ಇದರಲ್ಲಿ ಏನು ಕಂಡರೆ ಚಿಕಿತ್ಸೆ ಬದಲಾಗುತ್ತದೆ ಸಾರ್?" ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ, ಇಂತಹ ಕಡೆ ಹೀಗೆ ಕಂಡರೆ ಶಸ್ತ್ರಚಿಕಿತ್ಸೆ, ಹಾಗೆ ಕಂಡರೆ ಬೇರೆ ಔಷಧಿ ಎಂದು ವಿವರಿಸುತ್ತಾರೆ. ಏನು ಕಂಡರೂ ಇದೇ ಮಾತ್ರೆ ಎಂಬ ಉತ್ತರ ಬಂದರೆ, ಕೆಲವು ವಾರ ಕಾಯಬಹುದೇ ಎಂದು ವಿನಯದಿಂದ ಕೇಳಿ.

ನಾನು ವೃತ್ತಿ ಆರಂಭಿಸಿದಾಗ ಚಾಮರಾಜನಗರ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು, 1997ರಲ್ಲಿ ಜಿಲ್ಲೆಯಾಯಿತು. 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು, 2021ರ ಅಕ್ಟೋಬರ್‌ನಲ್ಲಿ ಯಡಪುರದ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಉದ್ಘಾಟಿಸಿದರು. ಆದರೂ ನಮ್ಮ ಜನ ಸ್ಕ್ಯಾನಿಂಗ್ ಎಂದೊಡನೆ ಅರವತ್ತು ಕಿಲೋಮೀಟರ್ ದೂರದ ಮೈಸೂರಿನ ಬಸ್ಸು ಹತ್ತುತ್ತಾರೆ. ಮೊದಲು ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಪಡಿತರ ಚೀಟಿ ಹಿಡಿದು ವಿಚಾರಿಸಿ. ಹಳೆಯ ಫಿಲಂ, ಸಿಡಿ, ವರದಿಗಳನ್ನು ಎಸೆಯಬೇಡಿ, ಮಡಚಬೇಡಿ; ಬೇರೆ ವೈದ್ಯರ ಬಳಿಗೆ ಹೋದಾಗ ಅವನ್ನೇ ಒಯ್ಯಿರಿ. ವೈದ್ಯರನ್ನು ಬದಲಿಸಿದಾಗಲೆಲ್ಲ ಹೊಸ ಚಿತ್ರ ತೆಗೆಸುವುದು ದಂಡ. ಬಸಿರಿನ ಸಂದೇಹವಿದ್ದರೆ ಎಕ್ಸ್‌ರೇಗೆ ಮೊದಲೇ ಹೇಳಿ. ದೇಹದೊಳಗೆ ಪೇಸ್‌ಮೇಕರ್ ಅಥವಾ ಲೋಹದ ತುಂಡುಗಳಿದ್ದರೆ ಎಂಆರ್‌ಐ ಕೊಠಡಿ ಹೊಗುವ ಮುನ್ನ ತಿಳಿಸಿ.

ಕೊನೆಯದಾಗಿ, ದಾನಿಗಳಲ್ಲಿ ಒಂದು ವಿನಂತಿ. ಜಾತ್ರೆಯ ಸಂದರ್ಭಗಳಲ್ಲಿ ಮಠಮಾನ್ಯಗಳಲ್ಲಿ ಆರೋಗ್ಯ ಶಿಬಿರಗಳು ನಡೆಯುತ್ತವೆ. ನಾನೂ ಇಪ್ಪತ್ತು ವರ್ಷಗಳಿಂದ ಅವುಗಳಲ್ಲಿ ಕುಳಿತವನು. ಈಚೆಗೆ ಕೆಲವೆಡೆ ದಾನಿಗಳು ಉಚಿತ ಹೊಟ್ಟೆ ಸ್ಕ್ಯಾನಿಂಗ್ ಏರ್ಪಡಿಸುತ್ತಿದ್ದಾರೆ. ಸಾಲು ಬಹಳ ಉದ್ದ ನಿಲ್ಲುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆ ಸಾಲಿನಲ್ಲಿ ನಿಂತವರಲ್ಲಿ ಅನೇಕರು ಮರುವಾರ "ಲಿವರ್‌ನಲ್ಲಿ ಫ್ಯಾಟ್ ಅಂತೆ" ಎಂಬ ಚೀಟಿ ಹಿಡಿದು, ಮುಂದೇನೆಂದು ತಿಳಿಯದೆ, ಇದ್ದ ಹಣ ಖರ್ಚು ಮಾಡುತ್ತ ತಿರುಗುತ್ತಾರೆ. ಅದೇ ಹಣದಲ್ಲಿ ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿ, ಬಹುದಿನದ ಕೆಮ್ಮಿರುವವರಿಗೆ ಎದೆಯ ಎಕ್ಸ್‌ರೇ ತೆಗೆಸಿ, ಉಳಿದದ್ದನ್ನು ಒಂದು ಕಡೆ ಇಡುವುದು ಮೇಲು. ನಿಜವಾಗಿ ಎಂಆರ್‌ಐ ಬೇಕಾದ ಬಡವರು ವರ್ಷದಲ್ಲಿ ಹತ್ತು ಹದಿನೈದು ಜನ ಸಿಗುತ್ತಾರೆ: ಕಾಲು ಸೋತವರು, ಮೂತ್ರ ಕಟ್ಟಿದವರು, ಜ್ವರದೊಂದಿಗೆ ಬೆನ್ನು ಹಿಡಿದವರು. ಅವರ ವೈದ್ಯರು ಬರೆದ ಚೀಟಿಯನ್ನು ಇಬ್ಬರು ವೈದ್ಯರು ನೋಡಿ ಒಪ್ಪಿದರೆ ಆ ನಿಧಿಯಿಂದ ನೇರವಾಗಿ ಕೇಂದ್ರಕ್ಕೆ ಹಣ ಕಟ್ಟಬಹುದು. ಮುಂದಿನ ಜಾತ್ರೆಯೊಳಗೆ ಇಂತಹದೊಂದು ವ್ಯವಸ್ಥೆಗೆ ಯಾರಾದರೂ ಮುಂದಾದರೆ, ಆ ಇಬ್ಬರಲ್ಲಿ ಒಬ್ಬನಾಗಿ ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ. ಇನ್ನೊಬ್ಬರು ಅಲೋಪತಿಯವರಾಗಿರಲಿ ಎಂಬುದು ನನ್ನ ಅಪೇಕ್ಷೆ.